ಎಷ್ಟಕ್ಕೆ ಒಪ್ಪಿಕೊಂಡಿರಿ?

ಹಾಡು ಒಮ್ಮೆಲೇ ನಿಂತುಹೋಯಿತು!

ಶಿವಕುಮಾರಿ ಬೆಚ್ಚಿ ಕಣ್ಣು ತೆರೆದಳು. ಹೆಡ್‌ಫೋನಿನ ಒಳಗೂ ಸದ್ದಿಲ್ಲ, ಹೊರಗೂ ಸದ್ದಿಲ್ಲ. ಡಿಜೆ ಕನ್ಸೋಲಿನ ಮೇಲೆ, ಅವಳ ಬೆರಳುಗಳ ಪಕ್ಕದಲ್ಲೇ, ಇನ್ಯಾರದೋ ಕೈ!

ಮುಂಬೈಯ ಗೋರೆಗಾಂವ್‌ನ ಆ ಕ್ಲಬ್ಬಿನಲ್ಲಿ ಡಿಜೆಯಾಗಿ ಅದು ಅವಳ ಮೊದಲ ಭಾನುವಾರ. ಸಂಜೆಯ ಪಾರ್ಟಿಗೆ ಇನ್ನೂ ಹೊತ್ತಿತ್ತು. ಸೌಂಡ್ ಸರಿಯಿದೆಯೇ ಎಂದು ನೋಡುತ್ತಾ, ಖಾಲಿ ಹಾಲಿನಲ್ಲಿ ಒಬ್ಬಳೇ ತಲೆದೂಗುತ್ತಾ ನಿಂತಿದ್ದಳು. ಈಗ ನೋಡಿದರೆ ಎದುರಿಗೆ ಗಡ್ಡ ಬಿಟ್ಟ, ಕಣ್ಣು ಕೆಂಪಾದ ಒಬ್ಬ ಯುವಕ.

"ಕಿತ್ನೇ ಮೇ?" ಎಂದ ಅವನು.

"ಕ್ಯಾ?"

"ಎಷ್ಟಕ್ಕೆ ಒಪ್ಪಿಕೊಂಡಿರಿ ಅಂತ ಕೇಳ್ತಿದ್ದೇನೆ," ಎಂದು ಹಿಂದಿಯಲ್ಲೇ ಬಿಡಿಸಿ ಹೇಳಿದ.

ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ... ಸೀದಾ ಪಗಾರ ಕೇಳುವುದೇ! ಶಿವಕುಮಾರಿಯ ಬಾಯಿಂದ ಗೊತ್ತಿಲ್ಲದೇ ಮನೆಯ ಮಾತು ಜಾರಿತು.

"ಹುಚ್ಚ ಅದಾನೇನ ಇಂವಾ!"

ಆ ಮುಖದ ಸಿಟ್ಟು ತಟ್ಟನೆ ಎಲ್ಲೋ ಹೋಯಿತು. ಅವನ ಹುಬ್ಬು ಮೇಲೇರಿತು.

"ಹುಚ್ಚ ಅಲ್ಲ ಮೇಡಂ. ಕೆಲಸ ಹೋದವನು," ಎಂದ ಕನ್ನಡದಲ್ಲಿ. ಮಂಗಳೂರು ಕಡೆಯ ಕನ್ನಡ. "ನಾನು ರೋಶನ್. ಒಂದೂವರೆ ವರ್ಷ ಇಲ್ಲಿ ಭಾನುವಾರ ನುಡಿಸಿದವನು ನಾನೇ. ನನಗೆ ಒಂದು ಭಾನುವಾರಕ್ಕೆ ಎಂಟು ಸಾವಿರ ಕೊಡ್ತಿದ್ದರು. ಮೊನ್ನೆ ಅಮೋಲ್ ಫೋನ್ ಮಾಡಿ, ಇನ್ನು ಬರುದು ಬೇಡ, ಕಡಿಮೆಗೆ ಸಿಕ್ಕಿದ್ದಾರೆ ಅಂದ. ಎಷ್ಟು ಕಡಿಮೆ ಅಂತ ನೋಡ್ಲಿಕ್ಕೆ ಬಂದೆ. ಹೇಳಿ, ಎಷ್ಟು?"

ಎಂಟು ಸಾವಿರ!

ಮ್ಯಾನೇಜರ್ ಅಮೋಲ್ ಕಂಬದ ಮರೆಗೆ ಕರೆದು ಶಿವಕುಮಾರಿಗೆ ಹೇಳಿದ್ದೇ ಬೇರೆ. 'ಹೆಣ್ಣುಮಗಳು ಅಂತ ನಿನಗೇ ಜಾಸ್ತಿ ಕೊಡ್ತಿದ್ದೇನೆ ಶಿವಿ, ಯಾರಿಗೂ ಹೇಳಬೇಡ. ಈ ಲೈನಿನಲ್ಲಿ ರೇಟು ಬಾಯಿಬಿಟ್ಟು ಹೇಳುವುದಿಲ್ಲ.' ಅದೇ ಈ ಕೆಲಸದ ಮರ್ಯಾದೆ ಇರಬೇಕೆಂದು ಅವಳು ನಂಬಿದ್ದಳು.

"ಎರಡೂವರೆ..." ಎಂದಳು. ಧ್ವನಿ ಅವಳಿಗೇ ಕೇಳಿಸಲಿಲ್ಲ.

ರೋಶನ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು! ಅವನು ನಿಲ್ಲಿಸಿದ್ದ ಹಾಡನ್ನು ಅವನೇ ಮೆಲ್ಲಗೆ ಮತ್ತೆ ಶುರು ಮಾಡಿ, ವಾಲ್ಯೂಮ್ ಮೊದಲಿನಷ್ಟಕ್ಕೇ ತಂದಿಟ್ಟು, ಮೆಟ್ಟಿಲಿಳಿದು ಹೋಗಿಬಿಟ್ಟ.

*

ಬೊರಿವಲಿಯ ಚಾಳಿನ ಒಂದು ಕೋಣೆಯ ಮನೆಯಲ್ಲಿ ಮರುದಿನ ಬೆಳಿಗ್ಗೆ ಅಪ್ಪ ಅಣವೀರಪ್ಪ ಕೂಲಿಯವರು ಸೇರುವ ನಾಕಾಕ್ಕೆ ಹೊರಡಲು ತಯಾರಾಗುತ್ತಿದ್ದ. ಮುದ್ದೇಬಿಹಾಳದಿಂದ ಬಂದು ಇಪ್ಪತ್ತು ವರ್ಷಗಳಿಂದ ಅದೇ ಕೆಲಸ. ಕರಣಿ, ಪುಟ್ಟಿ ಹಿಡಿದು ನಾಕಾದಲ್ಲಿ ನಿಲ್ಲುವುದು, ಗುತ್ತಿಗೆದಾರ ಬಂದು ಕರೆದರೆ ಗಾರೆ ಕೆಲಸಕ್ಕೆ ಹೋಗುವುದು. ಮಗಳು ಹಾಡು ನುಡಿಸುತ್ತಾಳೆಂದು ಅವನಿಗೆ ಗೊತ್ತಿತ್ತು. ಅದಕ್ಕೆ ದುಡ್ಡು ಯಾಕೆ ಕೊಡುತ್ತಾರೆಂಬುದು ಮಾತ್ರ ಇನ್ನೂ ತಿಳಿದಿರಲಿಲ್ಲ.

ಅವ್ವ ಭಾಗವ್ವ ಮಗಳ ಕೈಗೆ ಚಹಾದ ಗ್ಲಾಸು ಕೊಟ್ಟಳು.

"ಅಪ್ಪಾ... ನಾಕಾದಾಗ ಯಾರಾರ ಕಡಿಮಿ ಪಗಾರಕ್ಕ ಹ್ವಾದ್ರ ನೀವು ಏನ್ ಮಾಡ್ತೀರಿ?"

"ಏನ್ ಮಾಡೂದು? ಬೆಳಿಗ್ಗಿ ಎಲ್ಲಾರೂ ಕೂಡೇ ಇವತ್ತಿನ ಪಗಾರ ಇಷ್ಟ್ ಅಂತ ಒದರಿರ್ತೀವಿ. ಗುತ್ತಿಗೆದಾರಗೂ ಕೇಳಬೇಕು, ಹೊಸಬಗೂ ಕೇಳಬೇಕು. ಅದರ ಮ್ಯಾಲೂ ಒಬ್ಬಾಂವ ಸುಮ್ಮಕ ಕಡಿಮಿಗೆ ಹ್ವಾದಾ ಅಂದ್ರ..."

"ಹೊಡೀತೀರೇನ?"

"ಹೊಡ್ಯಾಕ ಅಂವೇನ ವೈರಿ ಏನ? ಇಲ್ಲವಾ. ಮರುದಿನ ಅವನ ಕೂಡ ಯಾರೂ ಚಹಾ ಕುಡ್ಯಂಗಿಲ್ಲ. ಅಷ್ಟ."

ಅಷ್ಟೇ! ಗ್ಲಾಸು ಶಿವಕುಮಾರಿಯ ತುಟಿಯ ಹತ್ತಿರವೇ ನಿಂತುಬಿಟ್ಟಿತು. ಅಪ್ಪ ಪುಟ್ಟಿ ಎತ್ತಿಕೊಂಡು ಹೋದ ಮೇಲೂ ಅವಳು ಆ ಚಹಾ ಕುಡಿಯಲಿಲ್ಲ.

'ನಾನೇ... ನಾನೇ ಅವಳು. ಅಪ್ಪನ ಮಗಳಾಗಿ ಹುಟ್ಟಿ ಕಡಿಮೆಗೆ ಹೋದವಳು!'

*

ಅವಳೇ ರೋಶನ್‌ನ ನಂಬರು ಹುಡುಕಿ ಫೋನ್ ಮಾಡಿದಳು. ಗೋರೆಗಾಂವ್ ಸ್ಟೇಷನ್ನಿನ ಹೊರಗಿನ ಚಹಾದ ಟಪರಿಯಲ್ಲಿ ಇಬ್ಬರೂ ಎದುರುಬದುರು ನಿಂತರು.

"ನನ್ನ ಕೂಡ ಚಹಾ ಕುಡೀತೀರೇನ?" ಎಂದು ಹೆದರಿ ಹೆದರಿ ಕೇಳಿದಳು.

"ಎಂತ ಪ್ರಶ್ನೆ ಮಾರಾಯ್ತಿ? ಚಹಾ ಕುಡೀಲಿಕ್ಕೇ ಅಲ್ವಾ ಬಂದದ್ದು!"

ಅವಳ ಕಣ್ಣು ತುಂಬಿಬಂತು. ಯಾಕೆಂದು ಪಾಪ ಅವನಿಗೆ ತಿಳಿಯಲಿಲ್ಲ. ಗಾಬರಿಯಿಂದ ಒಂದು ಬನ್ ಮಸ್ಕಾ ತರಿಸಿ ಅವಳ ಮುಂದಿಟ್ಟ.

ಅವಳು ನಾಕಾದ ಪದ್ಧತಿ ಹೇಳಿದಳು. ಅವನು ಬಾಯಿ ಬಿಟ್ಟುಕೊಂಡು ಕೇಳಿದ. ಇಷ್ಟು ವರ್ಷ ಈ ಊರಿನಲ್ಲಿ ಎಷ್ಟೋ ಜನ ಡಿಜೆಗಳ ಜೊತೆ ಕೂತು ಉಂಡಿದ್ದಾನೆ, ಯಾರಿಗೂ ಯಾರ ಸಂಬಳವೂ ಗೊತ್ತಿಲ್ಲ! ಮರುದಿನ ಯಕ್ಷಿತಾಳನ್ನೂ ಕರೆತಂದ. ಮಲಾಡಿನ ಬಾರೊಂದರಲ್ಲಿ ನುಡಿಸುತ್ತಿದ್ದವಳು, ಮಾತಿನಲ್ಲಿ ಚುರುಕು.

"ನನಗೆ ಮೂರು. ಅದೂ ಕೈಗೆ ಸಿಗುದು ಎರಡು ತಿಂಗಳು ಬಿಟ್ಟು," ಎಂದಳು ಯಕ್ಷಿತಾ. "ಊಟ ಫ್ರೀ ಅಂತಾರೆ. ಊಟ ಅಂದ್ರೆ ಎಂತದು ಗೊತ್ತುಂಟಾ? ಗಿರಾಕಿ ಬಿಟ್ಟ ಫ್ರೆಂಚ್ ಫ್ರೈಸ್!"

ಆ ಟಪರಿಯಲ್ಲೇ ಮೂವರೂ ಬಾಯಿಬಿಟ್ಟು ಹೇಳಿಕೊಂಡರು. ಇನ್ನು ಆರು ಸಾವಿರಕ್ಕಿಂತ ಕಡಿಮೆಗೆ ಯಾರೂ ನುಡಿಸುವುದಿಲ್ಲ. ಗುಟ್ಟಿಲ್ಲ. ಕೇಳಿದವರಿಗೆಲ್ಲ ಹೇಳುವುದು. ಒಬ್ಬೊಬ್ಬರಾಗಿ ಇನ್ನಷ್ಟು ಜನ ಬಂದು ಸೇರಿದರು.

ಆ ದಿನಗಳಲ್ಲಿ ರೋಶನ್ ಅವಳ ಜೊತೆ ಲೋಕಲ್ ರೈಲು ಹತ್ತುತ್ತಿದ್ದ. ಅವನ ಮನೆ ಇದ್ದದ್ದು ಮುಲುಂಡ್‌ನಲ್ಲಿ. ಅದು ಇನ್ನೊಂದೇ ಲೈನು! ಗೋರೆಗಾಂವ್‌ನಿಂದ ಸೀದಾ ಬಸ್ಸಿದ್ದರೂ ದಿನಾ ಬೊರಿವಲಿಗೆ ಬರುತ್ತಿದ್ದ. ಕೇಳಿದರೆ, "ಅಲ್ಲಿ ನಮ್ಮ ಚಿಕ್ಕಮ್ಮ ಇದ್ದಾರೆ" ಎನ್ನುತ್ತಿದ್ದ.

"ನಿಮ್ಮ ಚಿಕ್ಕಮ್ಮಾರದು ಯಾವ ಬಿಲ್ಡಿಂಗ್ರೀ?" ಒಂದು ದಿನ ಅವಳು ಕೇಳಿಯೇಬಿಟ್ಟಳು.

"ಅದು... ಇನ್ನೂ ಕಟ್ತಾ ಇದ್ದಾರೆ."

"ಹೌದಾ? ನಮ್ಮಪ್ಪನ್ನ ಕಳಸ್ಲೇನ, ಲಗೂನ ಮುಗಸ್ತಾನ!"

ರೋಶನ್‌ನ ಕಿವಿ ಕೆಂಪಾಯಿತು. ಶಿವಕುಮಾರಿ ಸೆರಗಿಲ್ಲದಿದ್ದರೂ ಓಢಣಿಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಹೆಡ್‌ಫೋನಿನ ಒಂದು ಕಿವಿ ಅವಳಿಗೆ, ಇನ್ನೊಂದು ಅವನಿಗೆ ಹಿಡಿದು ಅವನು ತನ್ನ ಗುಟ್ಟಿನ ವಿದ್ಯೆ ಕೇಳಿಸಿದ್ದೂ ಆ ಲೋಕಲ್‌ನಲ್ಲೇ. ಎಲ್ಲ ಸದ್ದನ್ನೂ ಒಮ್ಮೆ ಪೂರ್ತಿ ನಿಲ್ಲಿಸಿ, ಜನ ಉಸಿರು ಹಿಡಿದು ನಿಂತಾಗ ಚೆಂಡೆ ಬಿಡುವುದು! ಮುಲುಂಡಿನ ಯಕ್ಷಗಾನದವರ ಹತ್ತಿರ ಕೂತು ಅವನೇ ರೆಕಾರ್ಡ್ ಮಾಡಿಕೊಂಡ ಚೆಂಡೆ ಅದು.

"ಇದು ಇಡೀ ಮುಂಬೈಯಲ್ಲಿ ನನ್ನ ಹತ್ತಿರ ಮಾತ್ರ ಉಂಟು," ಎಂದಿದ್ದ ಹೆಮ್ಮೆಯಿಂದ.

ಅವಳ ಎದೆಯೂ ಚೆಂಡೆಯಂತೆಯೇ ಬಡಿದುಕೊಂಡಿತ್ತು. ಅದನ್ನು ಅವನಿಗೆ ಹೇಳಲಿಲ್ಲ.

*

"ಆರಾ?" ಅಮೋಲ್ ನಕ್ಕ. "ಅರೇ ಶಿವಿ, ತೂ ತೋ ಫ್ಯಾಮಿಲಿ ಹೈ! ಮನೆಯವರ ಹತ್ತಿರ ಯಾರಾದರೂ ರೇಟು ಕೇಳ್ತಾರಾ?"

"ಮನೆಯಲ್ಲಿ ಬಿಲ್ ಕೊಡುವುದಿಲ್ಲ ಅಮೋಲ್ ಸರ್. ನೀವು ಗಿರಾಕಿಗೆ ಕೊಡ್ತೀರಿ," ಎಂದಳು ಅವಳು, ಹಿಂದಿಯಲ್ಲಿ.

ಅಮೋಲ್‌ನ ನಗು ಆರಿತು. "ಹಾಗಾದರೆ ಬರಬೇಡ. ನನಗೆ ಬೇರೆಯವರು ಸಿಗ್ತಾರೆ."

"ಯಾರೂ ಸಿಗುವುದಿಲ್ಲ," ಎಂದು ಎದ್ದು ಬಂದಳು. ಅಷ್ಟು ಧೈರ್ಯ ತನಗೆಲ್ಲಿಂದ ಬಂತೆಂದು ಅವಳಿಗೇ ಅಚ್ಚರಿ! ಬೆನ್ನ ಹಿಂದೆ ರೋಶನ್ ಇದ್ದಾನಲ್ಲ, ಅಲ್ಲಿಂದ.

ಆದರೆ ಭಾನುವಾರ ಸಂಜೆ...

ಗೆಳತಿ ರೂಪಾಲಿ ಕ್ಲಬ್ಬಿನಿಂದ ಒಂದು ವಿಡಿಯೋ ಕಳಿಸಿದಳು. 'ನೀನೆಲ್ಲಿ? ನಿನ್ನ ಜಾಗದಲ್ಲಿ ಯಾರೋ ಮಸ್ತ್ ನುಡಿಸುತ್ತಿದ್ದಾನೆ!'

ವಿಡಿಯೋದಲ್ಲಿ ಬರೀ ಕುಣಿಯುವ ತಲೆಗಳು. ದೂರದಲ್ಲಿ ಹೊಗೆ, ಅದರೊಳಗೆ ಎತ್ತಿದ ಎರಡು ಕೈ. ಮುಖ ಕಾಣಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ. ಏಕೆಂದರೆ ಸದ್ದೆಲ್ಲ ಒಮ್ಮೆಲೇ ನಿಂತಿತು. ಆಮೇಲೆ...

ಚೆಂಡೆ!

ಶಿವಕುಮಾರಿ ವಿಡಿಯೋವನ್ನು ಹಿಂದೆ ಎಳೆದು ಮತ್ತೊಮ್ಮೆ ಕೇಳಿದಳು.

"ಏನಾತವಾ? ಯಾಕ ಹಂಗ ಬೆಳ್ಳಗಾದಿ?" ಭಾಗವ್ವ ಓಡಿ ಬಂದಳು.

"ಏನಿಲ್ಲ ಅವ್ವಾ..."

ಏನಿಲ್ಲವೇ? ಎಲ್ಲವೂ ಹೋಗಿತ್ತು! 'ಆರಕ್ಕಿಂತ ಕಡಿಮೆಗೆ ಯಾರೂ ಹೋಗಬಾರದು ಅಂದವನೇ, ನನ್ನನ್ನು ಆಚೆ ಕಳಿಸಿ ತಾನು ಹೋಗಿ ನಿಂತನೇ? ತನ್ನ ಜಾಗ ತಿರುಗಿ ಪಡೆಯುವುದಕ್ಕೆ ನನ್ನ ಹಿಂದೆ ಸುತ್ತಿದನೇ? ಆ ಲೋಕಲ್... ಆ ಇಲ್ಲದ ಚಿಕ್ಕಮ್ಮ... ಎಲ್ಲಾ ಇದಕ್ಕೇನಾ?'

ರೋಶನ್‌ನ ಫೋನು ಬಂತು. ಕತ್ತರಿಸಿದಳು. ಮತ್ತೆ ಬಂತು. ನಂಬರನ್ನೇ ಬ್ಲಾಕ್ ಮಾಡಿದಳು.

ಎರಡು ದಿನ ಬಿಟ್ಟು ಅವನು ಬೊರಿವಲಿ ಪ್ಲಾಟ್‌ಫಾರ್ಮಿನಲ್ಲಿ ಕಾದು ನಿಂತಿದ್ದ.

"ಎಂತ ಆಯ್ತು ಶಿವಿ? ನಾನೆಂತ ಮಾಡಿದೆ?"

"ಭಾನುವಾರ ಎಲ್ಲಿದ್ರಿ?"

"ಮುಲುಂಡಲ್ಲಿ. ಮದುವೆ ಪಾರ್ಟಿ ಇತ್ತು, ನಿಮಗೆ ಹೇಳಿದ್ದೆನಲ್ಲ?"

ಅವಳು ಏನೂ ಹೇಳದೆ ವಿಡಿಯೋ ಹಚ್ಚಿ ಅವನ ಕಿವಿಗೆ ಹಿಡಿದಳು. ಸದ್ದು ನಿಂತಿತು. ಚೆಂಡೆ ಬಂತು.

ರೋಶನ್‌ನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. "ಇದು... ಇದು ನಾನೇ," ಎಂದ ಮೆಲ್ಲಗೆ. ತನ್ನದೇ ಕೈ, ತನ್ನದೇ ತಾಳ... ಆದರೆ ತಾನು ಅಲ್ಲಿರಲಿಲ್ಲ!

"ನೀವ ಒಪ್ಕೊಂಡ್ರಲ್ಲ. ಸಾಕು."

"ಶಿವಿ, ಕೇಳಿ..."

"ನಿಮ್ಮ ಕೂಡ ನಾ ಚಹಾ ಕುಡ್ಯಂಗಿಲ್ರೀ ಇನ್ಮ್ಯಾಲ!"

ಸಿಟ್ಟಿನಲ್ಲಿ ಅವಳು ಆಗಷ್ಟೇ ಬಂದು ನಿಂತ ಲೋಕಲ್ ಹತ್ತಿಬಿಟ್ಟಳು. ಅದು ಚರ್ಚ್‌ಗೇಟಿಗೆ ಹೋಗುವ ಗಾಡಿ. ಅವಳ ಮನೆಯೋ ಬೊರಿವಲಿಯಲ್ಲೇ! ಮುಂದಿನ ಸ್ಟೇಷನ್ ಕಾಂದಿವಲಿಯಲ್ಲಿ ಇಳಿದು ಅತ್ತುಕೊಂಡೇ ತಿರುಗಿ ಬಂದಳು.

*

ಮುಂದಿನ ಭಾನುವಾರ ಅವಳಿಗೆ ಮನೆಯಲ್ಲಿ ಕೂರಲಾಗಲಿಲ್ಲ. 'ಅವನು ನುಡಿಸುವಾಗ ಎದುರಿಗೆ ನಿಂತು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಅಷ್ಟೇ. ಆಮೇಲೆ ಮರೆತುಬಿಡುತ್ತೇನೆ.'

ಬಾಗಿಲಲ್ಲಿ ಬೌನ್ಸರ್ ಗುರುತು ಹಿಡಿದು ಒಳಗೆ ಬಿಟ್ಟ. ಹಾಲಿನಲ್ಲಿ ದೊಡ್ಡದೊಂದು ಹುಟ್ಟುಹಬ್ಬದ ಪಾರ್ಟಿ. ನಡುವೆ ಬಂಗಾರದ ಬಣ್ಣದ ಕಿರೀಟ ಇಟ್ಟುಕೊಂಡ ವೈಶಾಲಿ ಎಂಬ ಹೆಂಗಸು, ಸುತ್ತ ಅವಳ ಆಫೀಸಿನ ಜನ. ಸ್ಪೀಕರಿನಿಂದ ರೋಶನ್‌ನದೇ ಕೈಚಳಕ ಹರಿಯುತ್ತಿತ್ತು. ಶಿವಕುಮಾರಿ ಹಲ್ಲು ಕಚ್ಚಿ, ಜನರನ್ನು ಸರಿಸಿಕೊಂಡು ಕನ್ಸೋಲಿನವರೆಗೆ ಹೋದಳು. ಹೊಗೆ ಸರಿಯಿತು...

ಅವಳು ಇನ್ನೂ ಒಂದು ಹೆಜ್ಜೆ ಮುಂದಿಟ್ಟಳು.

ಅಲ್ಲಿ ನಿಂತಿದ್ದವನು ರೋಶನ್ ಅಲ್ಲ. ಬಾರಿನಲ್ಲಿ ಗ್ಲಾಸು ತುಂಬುವ ಸೊಹೈಲ! ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಕಿವಿಗೆ ಹೆಡ್‌ಫೋನು. ಆ ಹೆಡ್‌ಫೋನಿನ ವಯರು ಯಾವುದಕ್ಕೂ ಸಿಕ್ಕಿಸದೆ ಅವನ ಮೊಣಕಾಲಿನ ಹತ್ತಿರ ಜೋತಾಡುತ್ತಿತ್ತು!

"ಸೊಹೈಲ್! ಏನಿದು?"

ಇಂಡಿ ಕಡೆಯ ಸೊಹೈಲ ಅವಳನ್ನು ನೋಡಿ ಬೆವೆತುಹೋದ.

"ಅಕ್ಕಾರ, ಖುದಾನ ಆಣಿ, ನಾ ಏನೂ ಒತ್ತಿಲ್ಲ! ಕೈ ಮ್ಯಾಲ ಎತ್ತು ಅಂದಾರ, ಎತ್ತೀನಿ. ಅಷ್ಟ!"

"ಮತ್ತ ಹಾಡು?"

"ರೋಶನ್ ಭಾಯ್ ಇದ್ದಾಗ ಅವರು ನುಡಸಿದ್ದನ್ನ ಅಮೋಲ್ ಸಾಹೇಬ್ರು ಪೆನ್ ಡ್ರೈವ್‌ನ್ಯಾಗ ತುಂಬ್ಕೊಂಡಿದ್ರು, ಇನ್‌ಸ್ಟಾಗ್ರಾಮ್‌ಗೆ ಬೇಕಂತ. ಹ್ವಾದ ಸಂಡೇ ಒಂದು ಹಾಕಿದ್ರು, ಇವತ್ತ ಇನ್ನೊಂದು. ಭಾಯ್‌ಗೆ ಗೊತ್ತಿಲ್ಲ ಪಾಪ. ಅಕ್ಕಾರ, ಕೈ ಎತ್ತೆತ್ತಿ ರಟ್ಟಿ ಬಿದ್ದು ಹ್ವಾದುವು, ಸ್ವಲ್ಪ ಇಳಸ್ಲೇನ್ರಿ?"

'ಇದು ನಾನೇ' ಎಂದ ರೋಶನ್‌ನ ಬಿಳುಚಿದ ಮುಖ ಶಿವಕುಮಾರಿಯ ಕಣ್ಣಿಗೆ ಕಟ್ಟಿತು. ಅದು ತಪ್ಪು ಮಾಡಿದವನ ಮುಖವಾಗಿರಲಿಲ್ಲ. ಮನೆಗೆ ಕಳ್ಳರು ನುಗ್ಗಿದ್ದನ್ನು ಆಗಷ್ಟೇ ನೋಡಿದವನ ಮುಖ! ಅವಳು ಅದನ್ನು ಓದಲೇ ಇಲ್ಲ...

ಅಷ್ಟರಲ್ಲಿ ಸ್ಪೀಕರಿನಿಂದ ರೋಶನ್‌ನ ಧ್ವನಿ ಗುಡುಗಿತು.

"ಗೋರೆಗಾಂವ್! ಹ್ಯಾಪಿ ದಿವಾಲಿ!"

ಏಪ್ರಿಲ್ ತಿಂಗಳು!

ಕುಣಿಯುತ್ತಿದ್ದವರೆಲ್ಲ ನಿಂತಲ್ಲೇ ನಿಂತರು. ಎಲ್ಲರೂ ಸೊಹೈಲನ ಕಡೆ ನೋಡಿದರು. ಸೊಹೈಲನ ತುಟಿ ಅಲುಗಿರಲಿಲ್ಲ, ಕೈಯಲ್ಲಿ ಮೈಕೂ ಇರಲಿಲ್ಲ. ಗಾಬರಿಯಲ್ಲಿ ಅವನು ಎರಡೂ ಕೈ ಇನ್ನೂ ಮೇಲೆತ್ತಿದ. ಪೊಲೀಸರಿಗೆ ಸಿಕ್ಕವನ ಹಾಗೆ!

ಆಮೇಲೆ ಯಾರೋ ನಕ್ಕರು. ವೈಶಾಲಿ ಮಾತ್ರ ನಗಲಿಲ್ಲ.

"ಇದೇನು ತಮಾಷೆ?" ಎಂದು ಕಿರೀಟ ಕಿತ್ತು ಟೇಬಲ್ಲಿನ ಮೇಲೆ ಕುಕ್ಕಿದಳು. "ಲೈವ್ ಡಿಜೆ ಅಂತ ದುಡ್ಡು ತೆಗೆದುಕೊಂಡು ಟೇಪು ಹಾಕಿದ್ದೀರಾ? ಈಗಲೇ ಡಿಜೆ ಬರಬೇಕು. ಇಲ್ಲದಿದ್ದರೆ ನಾವೆಲ್ಲ ಎದ್ದು ಹೊರಟೆವು, ಒಂದು ರೂಪಾಯಿ ಬಿಲ್ ಕೊಡುವುದಿಲ್ಲ!"

ಅಮೋಲ್ ಓಡಿ ಬಂದ. ಶಿವಕುಮಾರಿಯನ್ನು ನೋಡಿ ಅವನ ಕಣ್ಣು ಅರಳಿತು. ಅವಳನ್ನು ಕಂಬದ ಮರೆಗೆ ಕರೆದು ಪಿಸುಗುಟ್ಟಿದ.

"ಶಿವಿ, ದೇವರ ಹಾಗೆ ಬಂದಿದ್ದೀಯ! ಹತ್ತು ಸಾವಿರ. ಈಗಲೇ. ವಾರ ವಾರ ಹತ್ತು. ನಿನಗೊಬ್ಬಳಿಗೇ. ಬೇರೆ ಯಾರಿಗೂ ಹೇಳಬೇಡ, ಆಯ್ತಾ?"

ಹತ್ತು ಸಾವಿರ! ಆರಕ್ಕೆ ಆಗುವುದಿಲ್ಲ ಎಂದವನ ಬಾಯಲ್ಲಿ ಹತ್ತು!

ಹತ್ತೆಂದರೆ... ತಿಂಗಳಿಗೆ ನಲವತ್ತು. ಅಪ್ಪ ಬಿಸಿಲಲ್ಲಿ ನಿಲ್ಲುವುದು ತಪ್ಪೀತು. ಅವ್ವನ ಮೊಣಕಾಲಿಗೆ ಡಾಕ್ಟರು. ಒಂದು 'ಹೂಂ' ಅಂದರೆ ಸಾಕಿತ್ತು. ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ.

ಅದೇ... ಯಾರಿಗೂ ಗೊತ್ತಾಗದಂತೆ. ಮೊದಲ ಸಲವೂ ಇದೇ ಕಂಬದ ಮರೆಯಲ್ಲಿ ಹೀಗೇ ಪಿಸುಗುಟ್ಟಿದ್ದನಲ್ಲವೇ?

ಅವಳು ಕಂಬದ ಮರೆಯಿಂದ ಈಚೆ ಬಂದಳು. ಎಲ್ಲರ ನಡುವೆ ನಿಂತು ಗಟ್ಟಿಯಾಗಿ ಹಿಂದಿಯಲ್ಲಿ ಹೇಳಿದಳು.

"ಹತ್ತು ಬೇಡ. ಆರು ಸಾವಿರ. ಈ ಕನ್ಸೋಲಿಗೆ ಯಾವ ಡಿಜೆ ಬಂದರೂ ಆರು, ಗಂಡಾಗಲಿ ಹೆಣ್ಣಾಗಲಿ, ನುಡಿಸುವ ಮೊದಲೇ. ಮತ್ತೆ ಎರಡು ಭಾನುವಾರ ಯಾರ ಸಂಗೀತ ಕದ್ದು ಹಾಕಿದಿರೋ ಅವರಿಗೂ ಅಷ್ಟಷ್ಟು. ಒಪ್ಪಿಗೆ ಆದರೆ ಹತ್ತುತ್ತೇನೆ."

"ರೆಕಾರ್ಡಿಂಗಿಗೆ ಎಂಥ ದುಡ್ಡು?" ಅಮೋಲ್ ಸಿಡುಕಿದ.

"ಕೊಡ್ರಿ ಸಾಹೇಬ್ರ," ಎಂದ ಸೊಹೈಲ, ಈಗ ಟೋಪಿ ತೆಗೆದು ಗಾಳಿ ಹಾಕಿಕೊಳ್ಳುತ್ತಾ. "ಇಲ್ಲಾಂದ್ರ ನಾನ ನುಡಸಬೇಕಾಕ್ಕೈತಿ!"

ಅವನು ಕನ್ನಡದಲ್ಲಿ ಹೇಳಿದ್ದು ಅಮೋಲ್‌ಗೆ ಅರ್ಥವಾಗಲಿಲ್ಲ. ಆದರೆ ವೈಶಾಲಿ ಕೈಚೀಲ ಹೆಗಲಿಗೇರಿಸಿದ್ದು ಚೆನ್ನಾಗಿ ಅರ್ಥವಾಯಿತು. ಅವನು ಗೊಣಗುತ್ತಾ ಫೋನು ತೆಗೆದ. ಶಿವಕುಮಾರಿಯ ಫೋನು ಟಿಂಗ್ ಎಂದಿತು, ಆರು ಸಾವಿರ ಬಂದಿತ್ತು.

"ರೋಶನ್‌ದು ಅವನಿಗೇ ಕಳಿಸ್ತೇನೆ. ಕನ್ಸೋಲ್ ಹತ್ತು ಈಗ!"

"ಒಂದು ನಿಮಿಷ." ಅವಳು ಬ್ಲಾಕ್ ತೆಗೆದು ರೋಶನ್‌ನ ನಂಬರಿಗೆ ಫೋನ್ ಮಾಡಿದಳು. ಒಂದೇ ರಿಂಗಿಗೆ ಎತ್ತಿದ.

"ಎಲ್ಲಿದ್ದೀರಿ?"

"ಕೆಳಗೆ ಗೇಟಲ್ಲಿ. ನನ್ನ ಹಾಡು ಬೀದಿಗೆ ಕೇಳ್ತಾ ಉಂಟು, ಬೌನ್ಸರ್ ನನ್ನನ್ನೇ ಒಳಗೆ ಬಿಡುದಿಲ್ಲ! ಪೆನ್ ಡ್ರೈವ್ ವಿಷಯ ನಿನ್ನೆಯಷ್ಟೇ ನೆನಪಾಯ್ತು ಶಿವಿ, ನಾನು ಸತ್ಯವಾಗಿಯೂ..."

"ಗೊತ್ತಾತು. ಎಲ್ಲಾ ಗೊತ್ತಾತು," ಎಂದಳು. "ಬೌನ್ಸರ್‌ಗೆ ನಾ ಹೇಳ್ತೀನಿ, ಮ್ಯಾಲ ಬರ್ರಿ."

ಅವನು ಮೇಲೆ ಬರುವಷ್ಟರಲ್ಲಿ ಅವಳು ಪೆನ್ ಡ್ರೈವ್ ಕಿತ್ತು ಸೊಹೈಲನ ಕೈಗಿಟ್ಟು, ಹೆಡ್‌ಫೋನಿನ ವಯರು ಸಿಕ್ಕಿಸಿಯಾಗಿತ್ತು. ಆ ಸಂಜೆ ಶಿವಕುಮಾರಿ ನುಡಿಸಿದಂತೆ ಹಿಂದೆಂದೂ ನುಡಿಸಿರಲಿಲ್ಲ. ವೈಶಾಲಿ ಮತ್ತೆ ಕಿರೀಟ ಇಟ್ಟುಕೊಂಡಳು. ರೋಶನ್ ಕನ್ಸೋಲ್ ಹತ್ತಲಿಲ್ಲ. ಅದು ಅವಳ ಸಂಜೆ ಎಂದು ಅವನಿಗೆ ಗೊತ್ತಿತ್ತು. ಜನರ ನಡುವೆ ಸುಮ್ಮನೆ ನಿಂತು ಅವಳನ್ನೇ ನೋಡಿದ.

*

ಪಾರ್ಟಿ ಮುಗಿದು ಇಬ್ಬರೂ ರಸ್ತೆಗೆ ಬಂದರು. ರಿಕ್ಷಾಗಳು, ಹಾರ್ನುಗಳು, ಮೆಟ್ರೋ ಕಂಬದ ಕೆಳಗೆ ಪಾವ್‌ಭಾಜಿಯ ಹೊಗೆ.

"ನಾ ನನ್ನ ಕಿವಿ ನಂಬಿದ್ನಿ," ಎಂದಳು ಶಿವಕುಮಾರಿ. "ನಿಮ್ಮನ್ನ ನಂಬಲಿಲ್ಲ. ಕ್ಷಮಾ ಮಾಡ್ರಿ."

"ಬಿಡಿ ಮಾರಾಯ್ತಿ. ನನಗೇ ಒಂದು ಕ್ಷಣ, ನಿದ್ದೆಯಲ್ಲಿ ಎದ್ದು ಬಂದು ನುಡಿಸಿದೆನೋ ಅಂತ ಅನ್ನಿಸಿತ್ತು."

ಅವಳು ನಗಲು ಹೋಗಿ ಅತ್ತಳು. ಅಳುತ್ತಲೇ, ಮುಖ ಒರೆಸಿಕೊಳ್ಳದೆಯೇ, ಹೇಳಿಬಿಟ್ಟಳು.

"ರೋಶನ್... ನನಗ ನೀವು ಬೇಕು. ಬರೇ ಚಹಾಕ್ಕಲ್ಲ. ಯಾವಾಗ್ಲೂ."

ರೋಶನ್ ನಡುರಸ್ತೆಯಲ್ಲಿ ನಿಂತುಬಿಟ್ಟ! ಹಿಂದಿನಿಂದ ರಿಕ್ಷಾದವನು ಮರಾಠಿಯಲ್ಲಿ ಬೈದದ್ದೂ ಕೇಳಿಸಲಿಲ್ಲ. ಇಡೀ ಹಾಲನ್ನು ಒಂದು ಮಾತಿನಿಂದ ಕುಣಿಸುವವನ ಬಾಯಿ ಒಣಗಿಹೋಗಿತ್ತು. ಅವಳು ತೋಳು ಹಿಡಿದು ಫುಟ್‌ಪಾತಿಗೆ ಎಳೆದಳು.

"ಏನರ ಮಾತಾಡ್ರಿ!"

"ಮೈಕ್ ಇಲ್ಲ," ಎಂದ ತೊದಲುತ್ತಾ. "ಮೈಕ್ ಇಲ್ಲದೆ ಇಂಥದ್ದೆಲ್ಲ ನನಗೆ ಹೇಳ್ಲಿಕ್ಕೆ ಬರುದಿಲ್ಲ."

"ಹಂಗಾರ ಕಿವ್ಯಾಗ ಹೇಳ್ರಿ."

ಅವನು ಬಾಗಿದ. ಮೆಲ್ಲಗೆ ಏನೋ ಹೇಳಿದ. ಅವಳು ಹುಬ್ಬು ಗಂಟಿಕ್ಕಿದಳು.

"ಕೇಳಸ್ಲಿಲ್ರೀ! ಆ ಸ್ಪೀಕರ್ ಬಾಜು ನಿಂತು ಈ ಕಿವಿ ಗುಂಯ್ ಅನ್ನಾಕತ್ತೈತಿ. ಈ ಕಡೆ ಬರ್ರಿ."

ರೋಶನ್ ಅವಳನ್ನು ಸುತ್ತಿ ಆಚೆ ಕಡೆಗೆ ಬಂದ. ಗಂಟಲು ಸರಿಮಾಡಿಕೊಂಡ. ಅವಳ ಕೂದಲು ಸರಿಸಿ ಇನ್ನೊಂದು ಕಿವಿಯಲ್ಲಿ, ಈ ಸಲ ನಿಧಾನವಾಗಿ, ಅಕ್ಷರ ಅಕ್ಷರವಾಗಿ ಹೇಳಿದ.

"ನೀನಿಲ್ಲದೆ ನನಗೆ ಆಗುದಿಲ್ಲ ಶಿವಿ. ನನ್ನನ್ನು ಮದುವೆ ಆಗ್ತೀಯಾ?"

ಶಿವಕುಮಾರಿ ಕಣ್ಣು ಮುಚ್ಚಿಕೊಂಡಳು.

"ಈಗ ಕೇಳಿಸ್ತಾ?"

"ಕೇಳಿಸ್ತು..." ಎಂದಳು ಅವಳು, ಅವನ ಹೆಗಲಿಗೆ ಹಣೆಯೊತ್ತಿ. "ಆದ್ರ ಇನ್ನೊಮ್ಮೆ ಹೇಳು."